ಕಾಗದದ ದೋಣಿ ಎಲ್ಲಿ ನಿಲ್ಲುತ್ತದೆ?

(ಬೆಟ್ಟದ ತಪ್ಪಲಿನ ಹಳ್ಳಿಗಳ ಪೋಷಕರು ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ಓದಲಾದ ಉಪನ್ಯಾಸದ ಪಠ್ಯ)



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯಲ್ಲಿ ನಿಂತು ನೋಡಿದರೂ ಕಣ್ಣಳತೆಯಲ್ಲಿ ಒಂದು ಬೆಟ್ಟ ಇದ್ದೇ ಇರುತ್ತದೆ. 1478 ಮೀಟರ್ ಎತ್ತರದ ನಂದಿಯಿಂದ ಹಿಡಿದು ಸ್ಕಂದಗಿರಿ, ಅಂಬಾಜಿದುರ್ಗ, ರೆಹಮಾನ್‌ಗಡ, ಕೈಲಾಸಗಿರಿ, ಹೆಸರೇ ಇಲ್ಲದ ನೂರಾರು ಬಂಡೆಗುಡ್ಡಗಳವರೆಗೆ ಈ ಸೀಮೆ ಬೆಟ್ಟಗಳ ಮಡಿಲಿನಲ್ಲಿಯೇ ಬೆಳೆದಿದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ನದಿಗಳ ಹುಟ್ಟು ಈ ಬೆಟ್ಟಗಳಲ್ಲಿದೆ. ಆದರೆ ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆ ಬಂದ ದಿನ ಹರಿದು, ಮರುವಾರ ಮರಳಾಗಿ ಕಾಣುವ ಹೊಳೆಗಳಿವು. ಇದನ್ನು ಬಲ್ಲ ಹಿಂದಿನವರು ಪ್ರತಿ ಗುಡ್ಡದ ಕೆಳಗೂ ಏರಿ ಕಟ್ಟಿ ನೀರನ್ನು ನಿಲ್ಲಿಸಿದರು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮೊದಲು, ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು.

ಇಂದಿನ ಮಾತು ಕೆರೆಗಳ ಇತಿಹಾಸವನ್ನು ಕುರಿತದ್ದಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳನ್ನು ಕೈಹಿಡಿದುಕೊಂಡು, ಹಣ ಖರ್ಚಿಲ್ಲದೆ, ಒಂದೊಂದು ಋತುವಿನಲ್ಲಿ ಏನು ನೋಡಬಹುದು, ಏನು ಮುಟ್ಟಬಹುದು, ಏನು ತಿನ್ನಬಹುದು ಎಂಬುದನ್ನು ಕುರಿತದ್ದು. ಮೇಲುನೋಟಕ್ಕೆ ಇದು ಅತಿ ಸಣ್ಣ ವಿಷಯ. ಕೊಳವೆಬಾವಿಗಳು ಸಾವಿರ ಅಡಿ ದಾಟಿ, ಬಂದ ನೀರಿನಲ್ಲಿಯೂ ಫ್ಲೋರೈಡ್ ಇರುವ ನಾಡಿನಲ್ಲಿ ಮಕ್ಕಳಾಟದ ಮಾತೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕೆ ಉತ್ತರ ಒಂದು ಕಾಗದದ ದೋಣಿಯಲ್ಲಿದೆ.

ಮೊದಲ ಮಳೆ

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆಯ ದಿನಗಳು ಆರಂಭವಾಗುತ್ತವೆ. ಹೊಂಗೆಯ ಹೂವು ನೆಲದ ಮೇಲೆ ಅರಳು ಚೆಲ್ಲಿದಂತೆ ಉದುರಿರುತ್ತದೆ. ಮಧ್ಯಾಹ್ನದವರೆಗೆ ಕಾದ ಬಂಡೆಯ ಮೇಲೆ ಸಂಜೆ ನಾಲ್ಕು ಹನಿ ಬಿದ್ದರೆ ಸಾಕು, ಮಣ್ಣಿನ ವಾಸನೆ ಏಳುತ್ತದೆ. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಆ ವಾಸನೆಗೆ ಒಂದು ಮುಖ್ಯ ಕಾರಣ. ಈ ವಿವರಣೆಯನ್ನು ದೊಡ್ಡ ತರಗತಿಯ ವಿದ್ಯಾರ್ಥಿಗೆ ಹೇಳಬಹುದು. ಚಿಕ್ಕ ಮಗುವಿಗೆ ವಾಸನೆಯೊಂದೇ ಸಾಕು. ಹೊಲದ ಮಣ್ಣು, ಕೆರೆಯ ಗೋಡು, ಹುತ್ತದ ಮಣ್ಣು ಈ ಮೂರನ್ನು ಮೂರು ತೆಂಗಿನ ಚಿಪ್ಪಿನಲ್ಲಿಟ್ಟು ನೀರು ಚಿಮುಕಿಸಿ, ಕಣ್ಣು ಮುಚ್ಚಿಸಿ ಮೂಸಲು ಕೊಟ್ಟರೆ, ಮಗು ಅವುಗಳ ವ್ಯತ್ಯಾಸವನ್ನು ತಾನೇ ಹೇಳುತ್ತದೆ.

ಗುಡುಗು ಸಿಡಿಲು ಪೂರ್ತಿ ನಿಂತ ಮೇಲೆ, ಹಿರಿಯರೊಬ್ಬರ ಜೊತೆಯಲ್ಲಿ, ಮಕ್ಕಳು ಊರ ಅಂಚಿನ ಕಾಲುವೆಯ ಬಳಿಗೆ ಹೋಗಬೇಕು. ನೀರು ಮೊಣಕಾಲಿಗಿಂತ ಕೆಳಗೆ ಇಳಿದಿರಬೇಕು. ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಿಸಿದ ದೋಣಿಯನ್ನು ಅಲ್ಲಿ ತೇಲಿಬಿಟ್ಟು ಅದರ ಹಿಂದೆ ನಡೆಯಬೇಕು. ಹತ್ತು ನಿಮಿಷಕ್ಕೆ ಕಾಗದ ನೆನೆದು ಮುಳುಗುತ್ತದೆ. ಆಗ ಹೊಂಗೆಯ ಒಣಕಾಯಿಯನ್ನು ಬಿಡಬಹುದು. ಅದು ಹಗುರ, ಬಹಳ ಹೊತ್ತು ತೇಲುತ್ತದೆ.

ಈ ಆಟದಲ್ಲಿ ಗುಡ್ಡದಿಂದ ಕೆರೆಯವರೆಗಿನ ನೀರಿನ ದಾರಿ ಮಗುವಿನ ಕಾಲಿಗೆ ಪರಿಚಯವಾಗುತ್ತದೆ. ಎಲ್ಲಿ ಇಳಿಜಾರು, ಎಲ್ಲಿ ತಿರುವು, ಎಲ್ಲಿ ಎರಡು ಕಾಲುವೆ ಕೂಡುತ್ತವೆ ಎಂಬುದನ್ನು ಅದು ಯಾವ ಪಾಠವೂ ಇಲ್ಲದೆ ಕಲಿಯುತ್ತದೆ. ಆದರೆ ಇಂದು ಬಹುತೇಕ ಊರುಗಳಲ್ಲಿ ದೋಣಿ ಕೆರೆಯನ್ನು ಮುಟ್ಟುವುದಿಲ್ಲ. ಒಂದು ಕಡೆ ಪ್ಲಾಸ್ಟಿಕ್ ಕಸದ ಗುಡ್ಡೆ ಅಡ್ಡವಾಗುತ್ತದೆ. ಇನ್ನೊಂದು ಕಡೆ ಯಾರೋ ಹೊಲದ ಬದುವನ್ನು ಕಾಲುವೆಯ ಮೇಲಕ್ಕೆ ಸರಿಸಿರುತ್ತಾರೆ. ಮತ್ತೊಂದು ಕಡೆ ಬಡಾವಣೆಯ ಕಾಂಪೌಂಡ್ ಗೋಡೆ ನಿಂತಿರುತ್ತದೆ. ಮಗು ಆಗ ಕೇಳುವ ಪ್ರಶ್ನೆ ಒಂದೇ: “ದೋಣಿ ಯಾಕೆ ನಿಂತಿತು?”

ಇಷ್ಟು ನೇರವಾದ ಪ್ರಶ್ನೆಯನ್ನು ಕೆರೆಯ ಬಗ್ಗೆ ಯಾವ ಸಭೆಯೂ ಕೇಳಿರಲಾರದು. ಉತ್ತರ ಹೇಳಬೇಕಾದವರು ಹಿರಿಯರು.

ಅಳೆಯುವ ಆಟ, ಕಾಯುವ ಆಟ

ಮಳೆಯನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರದ ನೆರಳಿಲ್ಲದ ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ಅಳತೆಪಟ್ಟಿ ಇಳಿಸಿ ನೀರಿನ ಎತ್ತರ ನೋಡಿದರೆ ಸಾಕು. ಹತ್ತು ಮಿಲಿಮೀಟರ್ ನೀರು ನಿಂತಿದ್ದರೆ ಆ ದಿನದ ಮಳೆ ಹತ್ತು ಮಿಲಿಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಶಾಲೆಯ ಮಾಳಿಗೆಯ ಮೇಲೆ ಬಿದ್ದ ಹತ್ತು ಮಿಲಿಮೀಟರ್ ಮಳೆ ಸಾವಿರ ಲೀಟರ್ ಆಗುತ್ತದೆ. ಚಿಕ್ಕ ಮಗು ಗೋಡೆಯ ಮೇಲಿನ ಕಾಗದದಲ್ಲಿ ಮಿಲಿಮೀಟರಿಗೊಂದು ನೀಲಿ ಚುಕ್ಕಿ ಹಾಕಲಿ. ದೊಡ್ಡ ಮಗು ಲೆಕ್ಕ ಮಾಡಲಿ. ವರ್ಷದ ಕೊನೆಗೆ ಆ ಗೋಡೆಯೇ ಊರಿನ ಮಳೆಯ ದಾಖಲೆಯಾಗುತ್ತದೆ.

ಜೂನ್ ಕೊನೆಯ ಹೊತ್ತಿಗೆ ಆರಿದ್ರಾ ಮಳೆ. ಹಸಿ ನೆಲದ ಮೇಲೆ ಕೆಂಪು ಮಖಮಲ್ಲಿನ ಚೂರಿನಂತಹ ಪುಟ್ಟ ಹುಳುಗಳು ಕಾಣಿಸುತ್ತವೆ. ತೆಲುಗು ಮನೆಮಾತಿನವರು ಅದನ್ನು ಆರುದ್ರ ಪುರುಗು ಎನ್ನುತ್ತಾರೆ. ಹುಳುವಿನ ಹೆಸರಿನಲ್ಲಿಯೇ ಮಳೆಯ ಹೆಸರಿದೆ. ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕೂತು ಮಾತನಾಡುವ ಸೀಮೆ ಇದು. ಆದುದರಿಂದ ಒಂದು ಗಿಡಕ್ಕೆ, ಒಂದು ಹುಳುವಿಗೆ ಎರಡು ಹೆಸರು ಸಿಕ್ಕರೆ ಎರಡನ್ನೂ ಮಗುವಿಗೆ ಕೊಡಬೇಕು. ಅಜ್ಜಿಯ ಬಾಯಲ್ಲಿ ಉಳಿದಿರುವ ಹೆಸರುಗಳಲ್ಲಿ ಅನೇಕವು ಯಾವ ಪುಸ್ತಕಕ್ಕೂ ಬಂದಿಲ್ಲ.

ಮಳೆ ತಡವಾದ ವರ್ಷ ಮಕ್ಕಳು ಜೇಡಿಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು, ಮನೆಮನೆಗೆ ಹೊತ್ತು ತಿರುಗುವ ವಾಡಿಕೆ ಹಳೆಯ ಮೈಸೂರು ಸೀಮೆಯಲ್ಲಿತ್ತು. ಹೊತ್ತ ಹುಡುಗನ ತಲೆಯ ಮೇಲೆ ಪ್ರತಿ ಮನೆಯವರೂ ಒಂದು ಚೊಂಬು ನೀರು ಸುರಿದು, ರಾಗಿಹಿಟ್ಟನ್ನೋ ಬೆಲ್ಲವನ್ನೋ ಕೊಡುತ್ತಿದ್ದರು. ಇದರಿಂದ ಮಳೆ ಬರುತ್ತದೆಯೇ ಎಂದು ಮಕ್ಕಳು ಕೇಳಿದರೆ ಬರುವುದಿಲ್ಲವೆಂದೇ ಹೇಳಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಮುಂದಿನ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಡಾ. ಎಚ್. ನರಸಿಂಹಯ್ಯನವರು ಜೀವನವಿಡೀ ಬೋಧಿಸಿದ್ದು ಪ್ರಶ್ನೆ ಕೇಳುವುದನ್ನೇ. ಮಳೆರಾಯನಿಂದ ಮಳೆ ಬರುವುದಿಲ್ಲ. ಆದರೆ ಮಳೆ ಇಡೀ ಊರಿನ ಚಿಂತೆ ಎಂಬ ತಿಳಿವಳಿಕೆ ಮಾತ್ರ ಆ ಮೆರವಣಿಗೆಯಿಂದ ಬರುತ್ತಿತ್ತು.

ಆಷಾಢದ ಗಾಳಿ, ಶ್ರಾವಣದ ಹಸುರು

ಆಷಾಢದಲ್ಲಿ ಮಳೆಗಿಂತ ಗಾಳಿ ಹೆಚ್ಚು. ಗೌರಿಬಿದನೂರಿನ ನೆರೆಯ ದೊಡ್ಡಬಳ್ಳಾಪುರ ಆಷಾಢದ ಗಾಳಿಪಟಕ್ಕೆ ಹೆಸರಾದುದು ಈ ಕಾರಣದಿಂದ. ತೆಂಗಿನ ಕಡ್ಡಿ, ಹಳೆಯ ದಿನಪತ್ರಿಕೆ, ರಾಗಿ ಅಂಬಲಿಯ ಅಂಟು, ಹತ್ತಿಯ ದಾರ ಇಷ್ಟರಲ್ಲಿಯೇ ಮನೆಯಲ್ಲಿ ಪಟ ಸಿದ್ಧವಾಗುತ್ತದೆ. ಗಾಜಿನ ಪುಡಿ ಹಚ್ಚಿದ ದಾರವನ್ನೂ ನೈಲಾನ್ ದಾರವನ್ನೂ ಮಕ್ಕಳ ಕೈಗೆ ಕೊಡಬಾರದು. ಅವು ಹಕ್ಕಿಯ ರೆಕ್ಕೆಯನ್ನೂ ದಾರಿಹೋಕರ ಕತ್ತನ್ನೂ ಕೊಯ್ಯುತ್ತವೆ. ವಿದ್ಯುತ್ ತಂತಿಯಿಲ್ಲದ ಬಯಲನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಇದೇ ದಿನಗಳಲ್ಲಿ ನೇರಳೆ ಹಣ್ಣು ನಾಲಿಗೆಯನ್ನು ನೀಲಿ ಮಾಡುತ್ತದೆ. ಬೇವಿನ ಹಣ್ಣು ಉದುರುತ್ತದೆ. ತಿಂದ ನೇರಳೆಯ ಬೀಜವನ್ನು, ಆಯ್ದ ಬೇವಿನ ಬೀಜವನ್ನು ಅದೇ ವಾರ ಮಣ್ಣಿಗೆ ಹಾಕಬೇಕು. ಒಣಗಿಸಿ ತಿಂಗಳುಗಟ್ಟಲೆ ಇಟ್ಟರೆ ಮೊಳಕೆಯ ಶಕ್ತಿ ಕುಗ್ಗುತ್ತದೆ. ಒಡೆದ ಮಡಕೆಯೊಂದರಲ್ಲಿ ಮಗು ಹಾಕಿದ ಬೀಜ ಎರಡೆಲೆ ಬಿಟ್ಟ ದಿನ, ಆ ಮನೆಯಲ್ಲಿ ಬೇರೆ ಹಬ್ಬ ಬೇಕಿಲ್ಲ.

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗ ಗೂಡು ನೇಯುತ್ತದೆ. ನೇಯುವುದು ಗಂಡುಹಕ್ಕಿ, ಅರ್ಧ ನೇಯ್ದ ಗೂಡನ್ನು ಹೆಣ್ಣುಹಕ್ಕಿ ಬಂದು ಪರೀಕ್ಷಿಸಿ, ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ದೂರದಲ್ಲಿ ಕೂತು ಒಂದು ಹಕ್ಕಿ ಕಾಲು ಗಂಟೆಯಲ್ಲಿ ಎಷ್ಟು ಬಾರಿ ಹುಲ್ಲಿನ ಎಳೆ ತಂದಿತು ಎಂದು ಎಣಿಸುವುದು ಐದು ವರ್ಷದ ಮಗುವಿಗೆ ಒಪ್ಪುವ ಆಟ. ಗೂಡು ಬೇಕೆಂದು ಮಗು ಹಟ ಮಾಡಿದರೆ ಮರಿಗಳು ಹಾರಿಹೋಗಿ ಗೂಡು ತಾನಾಗಿ ಉದುರುವವರೆಗೆ ಕಾಯಲು ಹೇಳಬೇಕು. ಕಾಯುವುದೂ ಒಂದು ಪಾಠ.

ಶ್ರಾವಣ ಭಾದ್ರಪದಗಳಲ್ಲಿ ಜಾಲಿಯ ಗಿಡದ ಮೇಲೆ ಹೊಳೆಯುವ ಜೀರ್ಜಿಂಬೆ ಬರುತ್ತದೆ. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿಯ ಎಲೆ ಹಾಕಿ ಸಾಕಿದವರು ಈ ಸಭೆಯಲ್ಲಿಯೇ ಅನೇಕರಿರಬಹುದು. ಕುತ್ತಿಗೆಗೆ ದಾರ ಕಟ್ಟಿ ಹಾರಿಸಿದವರೂ ಇರಬಹುದು. ಇಂದಿನ ಮಗು ಅದನ್ನು ಅಂಗೈಯಲ್ಲಿಟ್ಟು ಬಣ್ಣ ನೋಡಲಿ, ಕಾಲು ಎಣಿಸಲಿ, ಅದೇ ಗಿಡಕ್ಕೆ ಬಿಡಲಿ. ನಾಳೆ ಮತ್ತೆ ಬಂದು ನೋಡುವ ಆಸೆ ಅಲ್ಲಿ ಉಳಿಯುತ್ತದೆ. ಗುಡ್ಡದ ಸೀತಾಫಲ, ಕಾರೆ, ಕವಳೆ ಹಣ್ಣುಗಳಿಗೂ ಇದೇ ನಿಯಮ: ತಿನ್ನುವಷ್ಟು ಕೀಳಬೇಕು, ಹಕ್ಕಿಗೆ ಒಂದಿಷ್ಟು ಬಿಡಬೇಕು.

ರೇಷ್ಮೆ ಮನೆಯ ಮಳೆ

ಶಿಡ್ಲಘಟ್ಟದ ಸುತ್ತಲಿನ ಮಕ್ಕಳಿಗೆ ಪ್ರಕೃತಿಯನ್ನು ನೋಡಲು ಮನೆಯಿಂದ ಹೊರಗೆ ಹೋಗಬೇಕಾದದ್ದೇ ಇಲ್ಲ. ಹುಳು ಸಾಕುವ ಮನೆಯಲ್ಲಿ ಸುಮಾರು ಇಪ್ಪತ್ತೈದು ದಿನಗಳಲ್ಲಿ ಒಂದು ಇಡೀ ಜೀವನ ನಡೆದುಹೋಗುತ್ತದೆ. ಹುಳು ನಾಲ್ಕು ಬಾರಿ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ನಿಂತು, ಹಳೆಯ ಚರ್ಮ ಕಳಚುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಹೊರಗೆ ಸೋನೆ ಮಳೆ ಸುರಿಯುವಂತೆಯೇ ಕೇಳುತ್ತದೆ. ರಾತ್ರಿ ದೀಪ ಆರಿಸಿ, ಮಗುವನ್ನು ಬಾಗಿಲಲ್ಲಿ ಕೂರಿಸಿ ಆ ಸದ್ದನ್ನು ಕೇಳಿಸಬೇಕು. ಮೊಟ್ಟೆಯಿಂದ ಹೊರಬಂದಾಗ ಇದ್ದ ತೂಕಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಬೆಳೆದ ಹುಳು ಹಣ್ಣಾಗಿ, ಚಂದ್ರಿಕೆಯನ್ನೇರಿ, ತನ್ನ ಸುತ್ತ ನೂಲು ಸುತ್ತಿಕೊಳ್ಳುತ್ತದೆ. ಒಂದು ಒಳ್ಳೆಯ ಗೂಡಿನ ಎಳೆ ಒಂದು ಕಿಲೋಮೀಟರಿನವರೆಗೂ ಬರಬಲ್ಲದು. ಆ ಎಳೆ ಊರ ದೇವಸ್ಥಾನದಿಂದ ಎಲ್ಲಿಯವರೆಗೆ ಹೋಗುತ್ತದೆ ಎಂದು ಮಗುವಿನೊಡನೆ ನಡೆದೇ ನೋಡಬಹುದು.

ಈ ಮನೆಯ ಶಿಸ್ತನ್ನೂ ಮಗು ಕಲಿಯಬೇಕು. ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಸೋಂಕು ನಿವಾರಕಗಳನ್ನು ಸಿಂಪಡಿಸುವ ದಿನ ಮಕ್ಕಳು ಹತ್ತಿರ ಸುಳಿಯುವಂತಿಲ್ಲ. ಪಕ್ಕದ ತೋಟದಲ್ಲಿ ಹೊಡೆದ ಕೀಟನಾಶಕ ಗಾಳಿಯಲ್ಲಿ ಬಂದು ಸೊಪ್ಪಿಗೆ ತಾಗಿದರೆ ಹುಳು ಸಾಯುತ್ತದೆ ಎಂಬುದನ್ನು ರೇಷ್ಮೆ ರೈತನ ಮಗು ಅನುಭವದಿಂದ ಬಲ್ಲದು. ಒಬ್ಬರ ಹೊಲದಲ್ಲಿ ನಡೆದದ್ದು ಇನ್ನೊಬ್ಬರ ಮನೆಗೆ ಮುಟ್ಟುತ್ತದೆ ಎಂಬ ದೊಡ್ಡ ಸಂಗತಿಯನ್ನು ಇದಕ್ಕಿಂತ ಸರಳವಾಗಿ ಹೇಳುವ ಪಾಠ ಇನ್ನೊಂದಿಲ್ಲ.

ಅವರೆಯ ಕಾಲ, ನಕ್ಷತ್ರದ ಕಾಲ

ಮಳೆಗಾಲ ಮುಗಿಯುವಾಗ ಕಡಲೆಕಾಯಿ ಕೀಳುವ ಸುಗ್ಗಿ. ಹೊಲದಲ್ಲಿಯೇ ಒಣಕಡ್ಡಿ ಹಚ್ಚಿ ಸುಟ್ಟ ಹಸಿಕಡಲೆ, ಕೆಂಡದ ಮೇಲೆ ಬಾಡಿಸಿ ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿದ ಎಳೆ ರಾಗಿ ಇವುಗಳ ರುಚಿ ಅಂಗಡಿಯ ಪೊಟ್ಟಣದಲ್ಲಿ ಸಿಗುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಇಬ್ಬನಿ ಕುಡಿದ ಅವರೆಯ ಸೊಗಡು ಊರೆಲ್ಲ ಹರಡುತ್ತದೆ. ಕಾಯಿ ಸುಲಿಯುವುದು, ನೆನೆದ ಕಾಳನ್ನು ಹಿತಕಿ ಬೇಳೆ ಚಿಮ್ಮಿಸುವುದು ಚಿಕ್ಕ ಬೆರಳುಗಳಿಗೆ ಹೇಳಿ ಮಾಡಿಸಿದ ಕೆಲಸ. ಕಾಯಿಯೊಳಗೆ ಹಸಿರು ಹುಳು ಸಿಕ್ಕರೆ ಕಿರುಚಿ ಎಸೆಯುವ ಬದಲು ಒಂದು ಬಾಟಲಿಯಲ್ಲಿಟ್ಟು, ಕಾಳು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ನೋಡಬಹುದು. ಕೆಲವು ದಿನಗಳಲ್ಲಿ ಅದು ಕೋಶವಾಗಿ, ಮುಂದೆ ಪತಂಗವಾಗಿ ಹೊರಬರುತ್ತದೆ.

ಈ ಕಾಲದ ಆಕಾಶ ನಿರ್ಮಲ. ಡಿಸೆಂಬರಿನ ರಾತ್ರಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಕೃತ್ತಿಕೆಯ ಪುಟ್ಟ ಗೊಂಚಲು, ಅದರ ಕೆಳಗೆ ಕೆಂಪನೆಯ ರೋಹಿಣಿ, ಅನಂತರ ಮೃಗಶಿರಾ, ಆರಿದ್ರಾ ಒಂದರ ಹಿಂದೊಂದು ಮೇಲೇರುತ್ತವೆ. ಇವು ರೈತರು ಮಳೆಗೆ ಇಟ್ಟ ಹೆಸರುಗಳೇ. ಮೇ, ಜೂನ್ ತಿಂಗಳುಗಳಲ್ಲಿ ಸೂರ್ಯನು ಆಯಾ ನಕ್ಷತ್ರದ ಬಳಿ ಇರುವಾಗ ಬರುವ ಮಳೆಗೆ ಆ ನಕ್ಷತ್ರದ ಹೆಸರು. ಅಂದು ಸೂರ್ಯನ ಬೆಳಕಿನಲ್ಲಿ ಅಡಗಿ ಕಾಣದಿದ್ದ ನಕ್ಷತ್ರ ಚಳಿಗಾಲದಲ್ಲಿ ಇರುಳಿನ ಆಕಾಶಕ್ಕೆ ಬರುತ್ತದೆ. ಹೀಗೆ ಮುಂದಿನ ಮಳೆಯ ಪಟ್ಟಿಯನ್ನು ಮಗು ಆರು ತಿಂಗಳು ಮೊದಲೇ ಆಕಾಶದಲ್ಲಿ ಓದಬಹುದು. ಗೌರಿಬಿದನೂರಿನ ಬಳಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಆಲಿಸುವ ದೂರದರ್ಶಕವನ್ನು ಸ್ಥಾಪಿಸಿ ದಶಕಗಳೇ ಸಂದಿವೆ. ವಿಜ್ಞಾನಿಗಳು ಹುಡುಕಿಕೊಂಡು ಬಂದ ಆಕಾಶವನ್ನು ಅದರ ಕೆಳಗೇ ಹುಟ್ಟಿದ ಮಕ್ಕಳು ನೋಡದೆ ಇರಬಾರದು.

ಸಂಕ್ರಾಂತಿಗೆ ಎಲಚಿ ಹಣ್ಣು, ಎಳ್ಳುಬೆಲ್ಲ, ಮೈತೊಳೆದ ದನಗಳು. ಕೆಲವು ಊರುಗಳಲ್ಲಿ ಮಣ್ಣಿನ ಕಾಟಮರಾಯನನ್ನು ಮಾಡಿ ಹೊಲದ ಹೂವುಗಳಿಂದ ಸಿಂಗರಿಸುತ್ತಾರೆ. ಆ ಹೂವುಗಳನ್ನು ಆಯ್ದು ತರುವ ಕೆಲಸವನ್ನು ಚಿಕ್ಕವರಿಗೇ ಬಿಟ್ಟು, ಎಷ್ಟು ಬಗೆ ಸಿಕ್ಕವು ಎಂದು ವರ್ಷವರ್ಷವೂ ಬರೆದಿಡಬೇಕು. ಕಳೆದ ವರ್ಷ ಸಿಕ್ಕ ಹೂವು ಈ ವರ್ಷ ಏಕೆ ಸಿಗಲಿಲ್ಲ ಎಂಬ ಪ್ರಶ್ನೆ ಆ ಪಟ್ಟಿಯಿಂದಲೇ ಹುಟ್ಟುತ್ತದೆ.

ಒಣಗುವ ಬೆಟ್ಟ, ಬಿರುಕುಬಿಟ್ಟ ಕೆರೆ

ಫೆಬ್ರವರಿಯ ಹೊತ್ತಿಗೆ ಬೆಟ್ಟದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಮುತ್ತುಗ ಎಲೆ ಕಳಚಿ ಹೂವಾಗಿ ನಿಲ್ಲುತ್ತದೆ. ಬೆಟ್ಟಗಳಿಗೆ ಬೆಂಕಿ ಬೀಳುವ ಕಾಲವೂ ಇದೇ. ಒಂದು ಬೀಡಿಯ ತುಂಡು, ಹೊಸ ಹುಲ್ಲು ಚಿಗುರಲೆಂದು ಯಾರೋ ಗೀರಿದ ಒಂದು ಕಡ್ಡಿ, ಪ್ರವಾಸಿಗರು ಆರಿಸದೆ ಬಿಟ್ಟ ಒಲೆ ಇಷ್ಟು ಸಾಕು. ನಂದಿಯ ಬಂಡೆಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲದೆ ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲದ, ಅಪಾಯದ ಅಂಚಿನಲ್ಲಿರುವ ಹಕ್ಕಿ ಅದು. ಅದನ್ನು ನೋಡಲು ದೂರದೂರಿನಿಂದ ದುರ್ಬೀನು ಹಿಡಿದು ಬರುವವರಿದ್ದಾರೆ. ಬೆಟ್ಟದ ಬುಡದಲ್ಲಿಯೇ ಇರುವ ಮಕ್ಕಳಲ್ಲಿ ಅದರ ಹೆಸರು ಕೇಳಿದವರು ಎಷ್ಟು ಮಂದಿ? ರಜೆಯ ಬೆಳಗ್ಗೆ ನಂದಿಯ ರಸ್ತೆಯಲ್ಲಿ ವಾಹನಗಳ ಸಾಲು ನಿಲ್ಲುತ್ತದೆ. ಸೂರ್ಯೋದಯದ ಚಿತ್ರ ತೆಗೆದು ಎಲ್ಲರೂ ಇಳಿದುಬಿಡುತ್ತಾರೆ. ಬೆಟ್ಟದ ಮಕ್ಕಳೂ ಹಾಗೆಯೇ ಬೆಟ್ಟಕ್ಕೆ ಪ್ರವಾಸಿಗಳಾದರೆ, ಬೆಂಕಿ ಕಂಡ ದಿನ ಹಸಿಸೊಪ್ಪು ಹಿಡಿದು ಓಡುವವರು ಯಾರು?

ಯುಗಾದಿಯ ಬೇವಿನ ಹೂವು, ಹುಣಸೆ ಬಡಿಯುವ ಸದ್ದು ಮುಗಿದ ಮೇಲೆ ಸುಡುಬೇಸಿಗೆ. ಕೆರೆ ಒಣಗಿ ನೆಲ ಬಿರಿಯುತ್ತದೆ. ಬೆಳಗಿನ ತಂಪಿನಲ್ಲಿ ಮಕ್ಕಳೊಡನೆ ಕೆರೆಯಂಗಳದಲ್ಲಿ ನಡೆಯಲು ಇದು ಸರಿಯಾದ ಕಾಲ. ಬಿರುಕುಗಳ ನಡುವೆ ಬಸವನಹುಳುವಿನ ಚಿಪ್ಪು, ಕಪ್ಪೆಚಿಪ್ಪು, ಹಕ್ಕಿಯ ಹೆಜ್ಜೆಗುರುತು ಸಿಗುತ್ತವೆ. ಮಳೆ ಬಂದ ರಾತ್ರಿಯೇ ವಟಗುಟ್ಟುವ ಕಪ್ಪೆಗಳಲ್ಲಿ ಕೆಲವು ಈ ಮಣ್ಣಿನಡಿಯಲ್ಲಿಯೇ ಮಲಗಿರುತ್ತವೆ. ಇದು ಏರಿ, ಇದು ತೂಬು, ಇದು ಕೋಡಿ, ಅದೋ ಅಲ್ಲಿ ರಾಜಕಾಲುವೆ ಬಂದು ಸೇರುವ ಜಾಗ ಎಂದು ತಾತ ಕೋಲಿನಿಂದ ತೋರಿಸಲಿ. ನೀರು ತುಂಬಿದಾಗ ಈ ಜಾಗದಲ್ಲಿ ತನ್ನ ತಲೆಯ ಮೇಲೆ ಎಷ್ಟು ನೀರಿರುತ್ತದೆ ಎಂದು ಮಗು ಕತ್ತೆತ್ತಿ ಊಹಿಸಲಿ.

ಎಚ್ಚರದ ಮಾತು

ಪ್ರಕೃತಿ ಮಕ್ಕಳಿಗೆ ಒಳ್ಳೆಯದು ಎಂದು ಹೇಳಿ ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳು ಮಕ್ಕಳ ಪಾಲಿಗೆ ಕೆರೆಗಿಂತ ಅಪಾಯಕಾರಿ. ಜಾರುವ ಹಾಳೆಯ ಮೇಲೆ ಒಮ್ಮೆ ಇಳಿದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಹೊಂಡದ ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇರಲೇಬೇಕು. ಕಲ್ಲು ತೆಗೆದು ಬಿಟ್ಟ ಕ್ವಾರಿಯ ಹೊಂಡಗಳೂ ಹಾಗೆಯೇ. 2021ರ ಫೆಬ್ರವರಿಯಲ್ಲಿ ಈ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಪ್ರಾಣ ಕಳೆದುಕೊಂಡರು. ಗುಡ್ಡದಲ್ಲಿ ಸಿಕ್ಕ ವೈರು, ಕೊಳವೆಯಂತಹ ವಸ್ತುಗಳನ್ನು ಮುಟ್ಟದೆ ಹಿರಿಯರಿಗೆ ತಿಳಿಸಬೇಕೆಂದು ಮಕ್ಕಳಿಗೆ ಹೇಳಿಕೊಡಬೇಕು. ಗುಲಗಂಜಿ, ಹರಳು, ಕಣಗಿಲೆ ಇವು ನೋಡಲು ಚೆನ್ನ, ಬಾಯಿಗೆ ವಿಷ. ಗುಡುಗುವಾಗ ಮರದಡಿ ನಿಲ್ಲಬಾರದು. ಕಲ್ಲನ್ನು ಎತ್ತುವಾಗ ಬರಿಗೈ ಹಾಕದೆ ಕೋಲು ಬಳಸಬೇಕು.

ಬೆಂಗಳೂರಿನ ತ್ಯಾಜ್ಯನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಈ ಭಾಗದ ಕೆರೆಗಳಿಗೆ ಹರಿಸುವ ಯೋಜನೆಗಳಿಂದ ಕೆಲವು ಕೆರೆಗಳಲ್ಲಿ ನೀರು ನಿಂತಿದೆ, ಸುತ್ತಲಿನ ಅಂತರ್ಜಲಕ್ಕೂ ಒದಗಿದೆ. ಮೂರನೇ ಹಂತದ ಸಂಸ್ಕರಣೆಯೂ ಆಗಬೇಕೆಂದು ಈ ಸೀಮೆಯ ಹೋರಾಟಗಾರರು ಒತ್ತಾಯಿಸುತ್ತ ಬಂದಿದ್ದಾರೆ. ಅಂತಹ ಕೆರೆಗಳ ದಡದಲ್ಲಿ ಹಕ್ಕಿಗಳನ್ನು ನೋಡಬಹುದು. ಮಕ್ಕಳು ಆ ನೀರಿನಲ್ಲಿ ಇಳಿಯಬಾರದು, ಕುಡಿಯಬಾರದು. ಒಂದು ಕೆರೆಯ ನೀರಿಗೆ ಮಗುವಿನ ಪಾದ ಇಳಿಸಲು ತಾಯಿ ಹೆದರಬೇಕಾದ ಸ್ಥಿತಿಯನ್ನು ಸಾಧಾರಣವೆಂದು ಒಪ್ಪಿಕೊಳ್ಳುವುದು ಮಾತ್ರ ಸಲ್ಲದು.

ಕೋಡಿ ಹರಿದ ವರ್ಷ

2021ರ ನವೆಂಬರಿನಲ್ಲಿ ಈ ಜಿಲ್ಲೆಯಲ್ಲಿ ಭಾರೀ ಮಳೆಯಾಯಿತು. ವರ್ಷಾನುಗಟ್ಟಲೆ ಒಣಗಿದ್ದ ಅನೇಕ ಕೆರೆಗಳು ತುಂಬಿ ಕೋಡಿ ಹರಿದವು. ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿ ಮೈದುಂಬಿತು. ಕೋಡಿ ಎಂಬ ಪದವನ್ನು ಕೇಳಿದ್ದು ಬಿಟ್ಟರೆ ಕಂಡೇ ಇರದ ಮಕ್ಕಳು ಏರಿಯ ಮೇಲೆ ನಿಂತು ಅದನ್ನು ನೋಡಿದರು. ಹಿರಿಯರು ಬಾಗಿನ ಬಿಟ್ಟರು. ಅದೇ ಮಳೆಯಲ್ಲಿ ಬೆಳೆ ಕೊಳೆಯಿತು, ಮನೆಗಳಿಗೆ ನೀರು ನುಗ್ಗಿತು. ಕಾಲುವೆ ಮುಚ್ಚಿದ ಕಡೆ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ರಸ್ತೆಗೂ ಬಡಾವಣೆಗೂ ಬಂತು.

ಆ ದಿನಗಳಲ್ಲಿ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು, ಈ ಸೀಮೆಯ ಕೆರೆಗಳು ಸತ್ತಿಲ್ಲ. ನೀರು ಬಂದರೆ ಇಂದಿಗೂ ಹಿಡಿದಿಡುತ್ತವೆ. ಎರಡನೆಯದು, ನೀರಿಗೆ ದಾರಿ ಮರೆತಿಲ್ಲ, ಮರೆತವರು ಮನುಷ್ಯರು. ಕಾಲುವೆಯ ದಾರಿಯನ್ನು ಕಂದಾಯ ನಕ್ಷೆಯಲ್ಲಿ ನೋಡಿದವರು ಊರಿಗೆ ಒಬ್ಬಿಬ್ಬರು. ಕಾಲಿನಿಂದ ನಡೆದು ಬಲ್ಲವರು ಎಪ್ಪತ್ತು ದಾಟಿದ ಕೆಲವರು. ಅವರ ನಂತರ ಆ ದಾರಿಯನ್ನು ಬಲ್ಲವರು ಯಾರೂ ಇಲ್ಲದಿದ್ದರೆ, ಒತ್ತುವರಿಯಾಯಿತೆಂದು ದೂರು ಕೊಡುವವರೂ ಇರುವುದಿಲ್ಲ. ಕಂಡರಿಯದ ವಸ್ತು ಕಳೆದುಹೋದರೆ ಯಾರಿಗೂ ನೋವಾಗುವುದಿಲ್ಲ.

ಮಕ್ಕಳಾಟದ ಮಾತು ಇಲ್ಲಿ ಮುಖ್ಯವಾಗುವುದು ಈ ಕಾರಣದಿಂದ. ದೋಣಿಯ ಹಿಂದೆ ನಡೆದ ಮಗು ಹತ್ತು ವರ್ಷಗಳ ನಂತರ ಆ ಕಾಲುವೆಯ ಸಾಕ್ಷಿಯಾಗುತ್ತದೆ. ಅಷ್ಟು ಕಾಲ ಕಾಯಬೇಕಾದುದೂ ಇಲ್ಲ. ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ವ್ಯವಸ್ಥೆ ಕರ್ನಾಟಕದಲ್ಲಿದೆ. ಮಳೆಗಾಲದಲ್ಲಿ ದೋಣಿ ನಿಂತ ಜಾಗಗಳನ್ನೆಲ್ಲ ಹಿರಿಯ ವಿದ್ಯಾರ್ಥಿಗಳು ಒಂದು ದೊಡ್ಡ ಹಾಳೆಯಲ್ಲಿ ಗುರುತಿಸಲಿ: ಗುಡ್ಡ ಇಲ್ಲಿ, ಕಾಲುವೆ ಇಲ್ಲಿ, ಕಸ ಇಲ್ಲಿ, ಗೋಡೆ ಇಲ್ಲಿ. ಗೋಡೆಯ ಮೇಲಿನ ನೀಲಿ ಚುಕ್ಕಿಗಳ ಮಳೆ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆಯಲಿ. ಚಿಕ್ಕವರು ಅದಕ್ಕೆ ಬಣ್ಣ ತುಂಬಲಿ. ಆ ಹಾಳೆಯನ್ನು ಮಕ್ಕಳೇ ಸಭೆಯ ಮುಂದಿಟ್ಟು ತಮ್ಮ ಪ್ರಶ್ನೆಯನ್ನು ಕೇಳಲಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸುವುದು, ಮುಂದಿನ ಮಳೆಗೆ ಮೊದಲು ಒಂದಾದರೂ ತಡೆಯನ್ನು ತೆಗೆಸುವುದು ಹಿರಿಯರ ಹೊಣೆ.

ಇದಕ್ಕೆ ಹಣ ಬೇಡ, ತಜ್ಞರು ಬೇಡ. ವಾರಕ್ಕೆ ಒಂದು ಸಂಜೆ ಬೇಕು. ದೂರವಾಣಿಯನ್ನು ಮನೆಯಲ್ಲಿಟ್ಟು, ಮಗುವಿನ ಹೆಜ್ಜೆಯ ವೇಗಕ್ಕೆ ತಮ್ಮ ಹೆಜ್ಜೆಯನ್ನು ತಗ್ಗಿಸುವ ಒಬ್ಬ ಅಜ್ಜಿ, ಒಬ್ಬ ತಾತ, ಒಬ್ಬ ಅಕ್ಕ ಬೇಕು. ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ತಮ್ಮ ಬೀದಿಯ ಇಬ್ಬರು ಚಿಕ್ಕ ಮಕ್ಕಳಿಗೆ ಅಂತಹ ಅಣ್ಣ ಅಕ್ಕಂದಿರಾದರೆ ಈ ಉಪನ್ಯಾಸ ಸಾರ್ಥಕ.

ಭರಣಿ ಮಳೆ ಪ್ರತಿ ವರ್ಷವೂ ಸರಿಯಾದ ದಿನಕ್ಕೇ ಬರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಬಂದ ದಿನ, ಗುಡ್ಡದ ಬುಡದಲ್ಲಿ ಬಿಟ್ಟ ದ��ಣಿ ಕೆರೆಯಂಗಳದವರೆಗೆ ತಡೆಯಿಲ್ಲದೆ ಹೋಗುವಂತೆ ದಾರಿ ತೆರೆದಿಡುವುದು ಊರಿನವರ ಕೈಯಲ್ಲಿದೆ.